ಕೋವಿಯ ಗಜದಲ್ಲೊಂದು ಗೀರು

ಮೊನ್ನೆ ಮದುವೆಯ ಊಟಕ್ಕೆ ಕುಳಿತಾಗ ಪಕ್ಕದ ಎಲೆಯವರು ನಿಮ್ಮನ್ನು, "ನಿಮ್ಮ ಅಜ್ಜ ಅಲ್ವಾ, ಕೋವಿ ಅಂಗಡಿಯಲ್ಲಿ ಕುಡಿದು ಸತ್ತದ್ದು?" ಎಂದು ಕೇಳಿದರಂತೆ. ಮನೆಗೆ ಬಂದು ನೀವು ನನ್ನನ್ನು ಕೇಳಿದಿರಿ. ನಾನು ಉತ್ತರ ಕೊಡದೆ ಪಾತ್ರೆ ತೊಳೆಯಲು ಎದ್ದು ಹೋದೆ. ನಿಮಗೆ ಅದು ಒಪ್ಪಿಕೊಂಡ ಹಾಗೆ ಕಂಡಿರಬೇಕು. ಎದುರಿಗೆ ಕುಳಿತು ಇಂಥದ್ದನ್ನು ಹೇಳಿ ನನಗೆ ಅಭ್ಯಾಸವಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ, ಆದ್ದರಿಂದ ಬರೆಯುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ನಾವೆಲ್ಲ ಆಡಿದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ. ಅಷ್ಟು ವ್ಯತ್ಯಾಸ ಇದ್ದೀತು, ಬೇರೆ ವ್ಯತ್ಯಾಸವಿಲ್ಲ.

ಇದು ಬ್ರಿಟಿಷರ ಕಾಲದ ಮಾತು, ಎರಡನೆಯ ದೊಡ್ಡ ಯುದ್ಧಕ್ಕೆ ಸ್ವಲ್ಪ ಮುಂಚಿನದು. ನಿಮ್ಮ ಅಜ್ಜ, ಅಂದರೆ ನನ್ನ ಗಂಡ, ತೀರಿಹೋಗಿ ಕೆಲವು ವರ್ಷ ಆಗಿತ್ತು. ಅವರು ಹಂಪನಕಟ್ಟೆಯ ಹತ್ತಿರದ ಕೋವಿ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದವರು. ಅವರು ಹೋದ ಮೇಲೆ ಅಂಗಡಿಯ ಸಾಹುಕಾರರು ನನ್ನನ್ನು ಅಲ್ಲಿಯೇ ಕೆಲಸಕ್ಕೆ ಇಟ್ಟುಕೊಂಡರು. ಕೋವಿಗೆ ಖಾಕಿ ಬಟ್ಟೆಯ ಗವಸು ಹೊಲಿಯುವುದು, ಚರೆ, ಅಂದರೆ ಸೀಸದ ಕಾಳು, ತುಂಬಿಸುವ ಚೀಲ ಹೊಲಿಯುವುದು, ಮಳೆಗಾಲದಲ್ಲಿ ಮಾರಾಟದ ಕೋವಿಗಳಿಗೆ ಎಣ್ಣೆ ಒರೆಸುವುದು. ನಾನು ಕುಳಿತುಕೊಳ್ಳುತ್ತಿದ್ದದ್ದು ಒಳಕೋಣೆಯಲ್ಲಿ, ಪರದೆಯ ಹಿಂದೆ. ಗಿರಾಕಿಗಳಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಅದೇ ಬೇಕಾಗಿತ್ತು. ಬೆಳಿಗ್ಗೆ ಜೆಪ್ಪುವಿನಿಂದ ನಡೆದು ಬರುವುದು, ಸಂಜೆ ತಲೆ ತಗ್ಗಿಸಿ ನಡೆದು ಹೋಗುವುದು. ನಿಮ್ಮ ಅಮ್ಮ ಆಗ ಸಣ್ಣವಳು, ನನ್ನ ತಾಯಿಯ ಹತ್ತಿರ ಇರುತ್ತಿದ್ದಳು.

ಆಗಿನ ಕೇಪಿನ ಕೋವಿ ನೀವು ನೋಡಿರಲಿಕ್ಕಿಲ್ಲ. ಅದಕ್ಕೆ ನಳಿಗೆಯ ಬಾಯಿಯಿಂದಲೇ ಸಿಡಿಮದ್ದು ಹಾಕಬೇಕು. ಮೇಲೆ ತೆಂಗಿನ ನಾರಿನ ಉಂಡೆಯನ್ನು ಗಜದಿಂದ ಜಡಿಯಬೇಕು, ಆಮೇಲೆ ಚರೆ, ಮತ್ತೆ ನಾರು. ಗಜ ಎಂದರೆ ನಳಿಗೆಯ ಕೆಳಗೆ ಸಿಕ್ಕಿಸಿಡುವ ಉದ್ದದ ಸಲಾಕೆ. ಹಿಂದೆ ಒಂದು ತೊಟ್ಟು ಇರುತ್ತದೆ. ಅದರ ಮೇಲೆ ತಾಮ್ರದ ಸಣ್ಣ ಕೇಪು ಇಟ್ಟು, ಕುದುರೆ ಎನ್ನುವ ಸುತ್ತಿಗೆ ಬಂದು ಅದಕ್ಕೆ ಹೊಡೆದರೆ ಈಡು, ಅಂದರೆ ಒಳಗೆ ತುಂಬಿದ್ದು, ಹಾರುತ್ತದೆ. ತುಂಬಿಸುವುದು ಸುಲಭ, ತೆಗೆಯುವುದೇ ಕಷ್ಟ. ಒಂದೋ ಹೊಡೆದು ಮುಗಿಸಬೇಕು, ಇಲ್ಲವೇ ಗಜದ ತುದಿಗೆ ತಿರುಪು ಹಾಕಿ ನಾರನ್ನು ಎಳೆದು, ಒಳಗಿದ್ದದ್ದನ್ನು ಕವುಚಬೇಕು. ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಹಂದಿ ಬಾರದಿದ್ದರೆ ಕೇಪು ಮಾತ್ರ ತೆಗೆದು ಕೋವಿಯನ್ನು ಹಾಗೆಯೇ ಇಡುತ್ತಿದ್ದರು. ಎಲ್ಲಿ? ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ. ನಮ್ಮ ಮಳೆಗೆ ಮದ್ದು ತೇವ ಆಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಹೊಗೆ ತಾಗಿದರೆ ಎರಡೂ ಇಲ್ಲ. ಹೀಗೆ ತುಂಬಿದ ಕೋವಿಯ ಕೆಳಗೆ ಹೆಂಗಸರು ತಿಂಗಳುಗಟ್ಟಲೆ ಗಂಜಿ ಬೇಯಿಸುತ್ತಿದ್ದರು. ಕೇಪಿಲ್ಲದ ಕೋವಿ ಹಲ್ಲು ಕಿತ್ತ ಹಾವು ಎಂದು ಗಂಡಸರು ಹೇಳುತ್ತಿದ್ದರು.

ಕೇಪಿಲ್ಲದಿದ್ದರೂ ಮದ್ದಿಗೆ ಬಿಸಿ ಸಾಕು.

ನಿಮ್ಮ ಅಜ್ಜನಿಗೆ ಒಂದು ಕ್ರಮ ಇತ್ತು. ರಿಪೇರಿಗೆ ಬಂದ ಪ್ರತಿ ಕೋವಿಯ ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಅರದಿಂದ ಒಂದು ಗೀರು ಹಾಕುತ್ತಿದ್ದರು. ಮುಂದೆ ಯಾವಾಗ ಗಜ ಇಳಿಸಿದರೂ ಗೀರು ಬಾಯಿಯ ಮಟ್ಟಕ್ಕೆ ಬಂದರೆ ಕೋವಿ ಖಾಲಿ. ಗೀರು ಮೇಲೆ ನಿಂತರೆ ಒಳಗೆ ಈಡು ಉಂಟು. ಅಕ್ಷರ ಬಾರದವನಿಗೂ ತಿಳಿಯುವ ಲೆಕ್ಕ.

ಅವರು ಹೋದ ದಿನ ನಾನು ಮಧ್ಯಾಹ್ನದ ಗಂಜಿ ತೆಗೆದುಕೊಂಡು ಅಂಗಡಿಗೆ ಹೋಗಿದ್ದೆ. ಊರ ಹೊರಗಿನ ಒಂದು ಗುತ್ತಿನ ಮನೆಯ ಯಜಮಾನರು ತಮ್ಮ ಕೋವಿ ತಂದಿದ್ದರು. ಗುತ್ತು ಎಂದರೆ ಸುತ್ತಲಿನ ಊರಿಗೆಲ್ಲ ಹಿರಿಯ ಮನೆ. ಆ ಮನೆಯವರ ಮಾತಿಗೆ ಎದುರು ಮಾತಿಲ್ಲ. ತೊಟ್ಟು ತುಕ್ಕು ಹಿಡಿದು ಕೂತಿತ್ತು, ಬಿಚ್ಚಬೇಕಾದರೆ ನಳಿಗೆಯ ಬುಡವನ್ನು ಇದ್ದಿಲ ಬೆಂಕಿಯಲ್ಲಿ ಬಿಸಿ ಮಾಡಬೇಕು. ನಿಮ್ಮ ಅಜ್ಜ ಗಜದ ಕಡೆಗೆ ಕೈ ನೀಡಿದರು. ಯಜಮಾನರು, "ಈಡಿಲ್ಲ. ನಾನು ಹೇಳ್ತೇನಲ್ಲ" ಎಂದರು. ನಿಮ್ಮ ಅಜ್ಜನ ಕೈ ಹಿಂದೆ ಬಂತು. ಆ ಕೈ ಹೋದದ್ದನ್ನೂ ಹಿಂದೆ ಬಂದದ್ದನ್ನೂ ನಾನು ನೋಡಿದ್ದೇನೆ. ಅಂಥವರ ಎದುರಿಗೆ ಗಜ ಇಳಿಸಿದರೆ ಅವರ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ನಮ್ಮವರು ಯಾರೂ ಅದನ್ನು ಮಾಡುತ್ತಿರಲಿಲ್ಲ. ನಿಮ್ಮ ಅಜ್ಜ ಬುಡವನ್ನು ಬೆಂಕಿಗೆ ಹಿಡಿದರು, ಒಳಗೆ ಈಡು ಇತ್ತು. ಆಮೇಲಿನದನ್ನು ಬರೆಯಬೇಕಾಗಿಲ್ಲ.

ಪೊಲೀಸರು ಕೇಳಿದಾಗ ಸಾಹುಕಾರರು, ಹಿಂದಿನ ದಿನದ ಅಮಲು ಇಳಿದಿರಲಿಲ್ಲ, ಅವನೇ ಮದ್ದು ಹಾಕಿ ಮರೆತಿರಬೇಕು ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಆ ವರ್ಷದ ಕೊಯ್ಲು ಮುಗಿದ ಮೇಲೆ ನಮ್ಮ ಮನೆಯ ಜಗಲಿಗೆ ಒಂದು ಮುಡಿ ಅಕ್ಕಿ ಬಂತು. ಬೈಹುಲ್ಲಿನಲ್ಲಿ ಒಳ್ಳೆಯ ಕೈಯವರು ಕಟ್ಟಿದ, ಬಿಗಿಯಾದ, ದುಂಡಗಿನ ಮುಡಿ. ತಂದ ಆಳು ಯಾರು ಕಳಿಸಿದ್ದೆಂದು ಹೇಳಲಿಲ್ಲ. ನನಗೆ ಗೊತ್ತಾಗಿತ್ತು. ಮರುವರ್ಷವೂ ಬಂತು. ನನ್ನ ತಾಯಿ ಅದನ್ನು ಬಿಚ್ಚಿದಳು, ನಾವು ಬೇಯಿಸಿ ಉಂಡೆವು. ಉಣ್ಣುವಾಗ ಒಬ್ಬರ ಮುಖವನ್ನು ಒಬ್ಬರು ನೋಡುತ್ತಿರಲಿಲ್ಲ.

ಹೀಗಿರುವಾಗ ಲೈಸೆನ್ಸಿಗೆ ಹೊಸ ಕಟ್ಟಳೆ ಬಂತು. ಮನೆಯಲ್ಲಿ ಕೋವಿ ಖಾಲಿಯಾಗಿಯೇ ಇರಬೇಕು. ಬೀಗದ ಪೆಟ್ಟಿಗೆಯಲ್ಲಿ ಇರಬೇಕು. ಮದ್ದು, ಕೇಪು ಬೇರೆ ಕಡೆ. ಪೆಟ್ಟಿಗೆ ತೋರಿಸದಿದ್ದರೆ ಲೈಸೆನ್ಸ್ ಹೊಸತಾಗುವುದಿಲ್ಲ. ಕೇಳಿದರೆ ನ್ಯಾಯವಾದ ಮಾತೇ. ಆದರೆ ಅಂಗಡಿಗೆ ಬಂದವರ ಮಾತು ನನಗೆ ಪರದೆಯ ಹಿಂದೆ ಕೇಳಿಸುತ್ತಿತ್ತು.

"ಹಂದಿಗೆ ಎಂತ, ಬೀಗ ತೆಗಿವವರೆಗೆ ನಿಲ್ಲು ಮಾರಾಯ ಅಂತ ಹೇಳುದಾ?"

"ಪೆಟ್ಟಿಗೆಯಲ್ಲಿ ಇಟ್ರೆ ಆಟಿ ತಿಂಗಳ ಮಳೆಯಲ್ಲಿ ಕೋವಿಗೆ ಅಣಬೆ ಹುಟ್ಟೀತು."

"ನನ್ನ ಮನೆಯಲ್ಲಿ ಕಳ್ಳ ಉಂಟಾ, ಬೀಗ ಹಾಕ್ಲಿಕ್ಕೆ?"

ಈ ಕೊನೆಯ ಮಾತೇ ದೊಡ್ಡದು. ಗಂಡಸರ ಕೋವಿಗೆ ಬೀಗ ಹಾಕಿಸುವುದು ಅವರ ಬಾಯಿಗೆ ಬೀಗ ಹಾಕಿಸಿದ ಹಾಗೆ.

ಸಾಹುಕಾರರು ಬಡಗಿಯಿಂದ ಉದ್ದದ ಪೆಟ್ಟಿಗೆಗಳನ್ನು ಮಾಡಿಸಿದರು. ತುಕ್ಕಿನ ಮಾತಿಗೆ ಉತ್ತರವಾಗಿ ಒಳಗೆ ಎಣ್ಣೆ ಹೀರಿಸಿದ ದಪ್ಪ ಬಟ್ಟೆ ಹಾಸಿದೆವು, ಮೂಲೆಯಲ್ಲಿ ಸುಟ್ಟ ಸುಣ್ಣದ ಗಂಟು ಇಟ್ಟೆವು. ಸುಣ್ಣ ತೇವ ಎಳೆದುಕೊಳ್ಳುತ್ತದೆ. ಬಟ್ಟೆಯ ಅಂಚಿಗೆ ನಾನು ಕೆಂಪು ನೂಲಿನಲ್ಲಿ ಹೊಲಿಗೆ ಹಾಕಿದೆ. ಆದರೂ ಯಾರೂ ಕೊಳ್ಳಲಿಲ್ಲ. ಆಗ ಅವರು ಒಬ್ಬ ನಿವೃತ್ತ ಹವಾಲ್ದಾರರನ್ನು ಗೊತ್ತು ಮಾಡಿದರು. ದೊಡ್ಡ ಮೀಸೆ, ದೊಡ್ಡ ಸ್ವರ, ಒಳ್ಳೆಯ ಮನಸ್ಸು. ಅವರು ಊರೂರಿಗೆ ಹೋಗಿ ಕಟ್ಟಳೆ ತಿಳಿಸಬೇಕು, ಪೆಟ್ಟಿಗೆ ತೋರಿಸಬೇಕು.

ಒಂದು ದಿನ ಸಾಹುಕಾರರು ಪರದೆಯ ಹತ್ತಿರ ಬಂದು, "ನೀನೂ ಹೋಗಬೇಕು ಅವರ ಒಟ್ಟಿಗೆ" ಎಂದರು.

"ನಾನು ಎಂತ ಮಾಡ್ಲಿಕ್ಕೆ?"

"ಎಂತ ಇಲ್ಲ. ಕೂತ್ಕೊಂಡ್ರೆ ಸಾಕು. ಪೆಟ್ಟಿಗೆ ತೆರೆದು ಕೋವಿ ಮಲಗಿಸಿ ತೋರಿಸುದು. ಮಾತು ಅವ್ರು ಆಡ್ತಾರೆ."

ಮಾತು ಎಂಥದು ಎಂದು ಮೊದಲ ಊರಿನಲ್ಲಿ ತಿಳಿಯಿತು. ಎತ್ತಿನ ಗಾಡಿ ಒಬ್ಬರ ಅಂಗಳದಲ್ಲಿ ನಿಂತಿತು. ಕೋವಿ ಇದ್ದವರೂ ಇಲ್ಲದವರೂ ಸೇರಿದರು. ಹವಾಲ್ದಾರರು ಕಟ್ಟಳೆಯನ್ನು ಹೇಳಿ, ಆಮೇಲೆ ಸ್ವರ ಇಳಿಸಿ, "ಇಲ್ಲಿ ನೋಡಿ, ಈ ತಂಗಿಯ ಗಂಡ ಕೋವಿ ಕೆಲಸದವನು. ಕುಡಿದ ಅಮಲಿನಲ್ಲಿ ಮದ್ದು ಹಾಕಿ ಮರೆತ. ಈಗ ಇವಳ ಹಣೆ ನೋಡಿ" ಎಂದರು. ಎಲ್ಲರೂ ನನ್ನ ಹಣೆಯನ್ನು ನೋಡಿದರು. ನಾನು ಪೆಟ್ಟಿಗೆಯ ಕೆಂಪು ನೂಲನ್ನು ನೋಡುತ್ತ ಕುಳಿತೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ಸಾಹುಕಾರರು ಹೇಳಿಕೊಟ್ಟದ್ದು ಅಷ್ಟೇ. ಹಿಂದೆ ಬರುವಾಗ ಗಾಡಿಯಲ್ಲಿ ನನಗೆ ಬೊಂಡದ ಎಳನೀರು ಕೊಡಿಸಿ, "ಬೇಜಾರು ಮಾಡ್ಬೇಡ ತಂಗಿ, ನಿನ್ನ ಕಷ್ಟ ನಾಲ್ಕು ಮನೆಗೆ ಬೆಳಕಾಗ್ಲಿ" ಎಂದರು. ನಾನು ಬೊಂಡ ಕುಡಿದೆ.

ಹೀಗೆ ಊರಿಂದ ಊರಿಗೆ ಹೋದೆವು. ಈಗ ಕಾಲೇಜು, ಕಚೇರಿ ತುಂಬಿದ ಕೊಡಿಯಾಲ್‌ಬೈಲಿನಲ್ಲಿ ಆಗ ನಿಜಕ್ಕೂ ಬೈಲು ಇತ್ತು, ಗದ್ದೆಯ ಬದುವಿನ ಮೇಲೆ ಪೆಟ್ಟಿಗೆ ಹೊತ್ತುಕೊಂಡು ನಡೆದಿದ್ದೇವೆ. ಪೆಟ್ಟಿಗೆಗಳು ಕೆಲವು ಮಾರಾಟ ಆದವು. ಸಾಹುಕಾರರಿಗೆ ಖುಷಿಯಾಯಿತು. ಆಮೇಲೆ ಹವಾಲ್ದಾರರು ಮನೆಮನೆಗೆ ಹೋಗಿ ನೋಡಲು ತೊಡಗಿದಾಗ ಬಣ್ಣ ಬಯಲಾಯಿತು. ಒಂದು ಮನೆಯಲ್ಲಿ ಪೆಟ್ಟಿಗೆಯೊಳಗೆ ಒಣಮೀನು ಇತ್ತು. "ಬೆಕ್ಕಿಗೆ ಬೀಗ ತೆಗಿಲಿಕ್ಕೆ ಬರುದಿಲ್ಲ, ಭಾರೀ ಒಳ್ಳೆದಾಯ್ತು ಹವಾಲ್ದಾರ್ರೇ" ಎಂದು ಆ ಮನೆಯ ಅಜ್ಜಿ ನಿಜವಾಗಿಯೂ ಹೊಗಳಿದಳು. ಇನ್ನೊಂದು ಊರಿನಲ್ಲಿ ಪ್ರತಿ ಮನೆಯಲ್ಲೂ ಪೆಟ್ಟಿಗೆ ಇತ್ತು, ಕೋವಿ ಒಳಗೆ ಅಚ್ಚುಕಟ್ಟಾಗಿ ಮಲಗಿತ್ತು. ಹವಾಲ್ದಾರರು ಮೀಸೆ ತಿರುವಿದರು. ನನಗೆ ಮಾತ್ರ ಮೂರನೆಯ ಮನೆಯಲ್ಲಿ ಗೊತ್ತಾಯಿತು. ಒಂದು ಮೂಲೆಯಲ್ಲಿ ಕೆಂಪು ನೂಲು ಮುಗಿದು ನಾನು ಕಪ್ಪು ನೂಲು ಹಾಕಿದ ಹೊಲಿಗೆ ಅಲ್ಲಿತ್ತು. ಮೊದಲ ಮನೆಯಲ್ಲೂ ಅದೇ ಹೊಲಿಗೆಯನ್ನು ಕಂಡಿದ್ದೆ. ನಾವು ಜಗಲಿಯಲ್ಲಿ ಬೆಲ್ಲ ನೀರು ಕುಡಿಯುವಾಗ ಒಂದೇ ಪೆಟ್ಟಿಗೆ ಹಿತ್ತಿಲಿನಿಂದ ನಮಗಿಂತ ಮೊದಲೇ ಮುಂದಿನ ಮನೆಗೆ ಹೋಗುತ್ತಿತ್ತು. ಹವಾಲ್ದಾರರಿಗೆ ಹೇಳಿದೆ. ಅವರು ಒಂದು ಕ್ಷಣ ಸಿಟ್ಟಾಗಿ, ಆಮೇಲೆ ನಕ್ಕುಬಿಟ್ಟರು.

ಅದೇ ಊರಿನಲ್ಲಿ ಬಾವಿಕಟ್ಟೆಯ ಹತ್ತಿರ ಒಬ್ಬಳು ಹೆಂಗಸು ನನ್ನ ಹತ್ತಿರ ಬಂದಳು. ಅವಳ ಒಲೆಯ ಮೇಲೆಯೂ ಕೋವಿ ಇತ್ತು. ನಾನು ಧೈರ್ಯ ಮಾಡಿ, "ನಿಮ್ಮ ಗಂಡನಿಗೆ ಹೇಳಿ, ಈಡು ತೆಗೆದು ಪೆಟ್ಟಿಗೆಯಲ್ಲಿ ಇಡ್ಲಿಕ್ಕೆ" ಎಂದೆ.

ಅವಳು ಕೊಡ ಎತ್ತುತ್ತ, "ನಮಗೆ ಎಂತಕ್ಕೆ ಅಕ್ಕ? ನನ್ನ ಗಂಡ ಕುಡಿಯುದಿಲ್ಲ" ಎಂದಳು. ಕನಿಕರದಿಂದಲೇ ಹೇಳಿದಳು.

ಆ ಒಂದು ಮಾತಿನಿಂದ ನನಗೆ ಎಲ್ಲವೂ ಹೊಳೆಯಿತು. ಪೆಟ್ಟಿಗೆ ಯಾಕೆ ಒಣಮೀನಿಗೆ ಹೋಯಿತು, ಒಂದೇ ಪೆಟ್ಟಿಗೆ ಯಾಕೆ ಊರೆಲ್ಲ ಸುತ್ತಿತು. ನಾವು ಹೇಳುತ್ತಿದ್ದ ಕಥೆಯೇ ಅವರಿಗೆ ಧೈರ್ಯ ಕೊಡುತ್ತಿತ್ತು. ಕೋವಿ ಕುಡುಕನನ್ನು ಕೊಲ್ಲುತ್ತದೆ, ನಾವು ಮರ್ಯಾದಸ್ಥರು, ನಮಗೆ ಬೀಗ ಬೇಡ. ಒಂದು ದೊಡ್ಡ ಮನೆಯ ಮಾತನ್ನು ಉಳಿಸಲು ಕಟ್ಟಿದ ಸುಳ್ಳು ಈಗ ಪ್ರತಿ ಒಲೆಯ ಮೇಲೂ ತುಂಬಿದ ಕೋವಿಯನ್ನು ಉಳಿಸುತ್ತಿತ್ತು. ಆ ಸುಳ್ಳಿನ ಪಕ್ಕದಲ್ಲಿ ಸಾಕ್ಷಿಯ ಹಾಗೆ ಕುಳಿತವಳು ನಾನು.

ಮರುದಿನ ಪರದೆಯ ಈಚೆ ಬಂದು ಸಾಹುಕಾರರಿಗೆ ಹೇಳಿದೆ.

"ಆ ಮಾತು ಬಿಡಿಸಿ. ಅವರು ಕುಡಿದಿರ್ಲಿಲ್ಲ."

ಸಾಹುಕಾರರು ಲೆಕ್ಕದ ಪುಸ್ತಕ ಮುಚ್ಚಿದರು. "ಮತ್ತೆ ಎಂತ ಹೇಳುದು? ಗುತ್ತಿನವರು ಸುಳ್ಳು ಹೇಳಿದ್ರು ಅಂತ ಹೇಳುದಾ? ಅವರಿಂದ ಹಿಡಿದು ಆ ಬದಿಯ ಎಲ್ಲರೂ ನಮ್ಮ ಗಿರಾಕಿಗಳು."

"ಸುಳ್ಳು ಹೇಳಿದ್ದು ಅಲ್ಲ. ಅವರಿಗೆ ಮರೆತು ಹೋಗಿತ್ತು."

"ಅದನ್ನು ಹೇಳ್ಲಿಕ್ಕೆ ನೀನು ಯಾರು? ನಾನು ಯಾರು?" ಎಂದರು. ಆಮೇಲೆ ಮೆಲ್ಲನೆ, "ನಿನ್ನ ಮನೆಗೆ ಬರುವ ಮುಡಿ ಎಲ್ಲಿಂದ ಬರ್ತದೆ ಅಂತ ನನಗೂ ಗೊತ್ತುಂಟು" ಎಂದರು.

ನಾನು ಒಳಗೆ ಹೋಗಿ ಕುಳಿತೆ. ಆ ದಿನ ಹೊಲಿದ ಗವಸನ್ನು ಮರುದಿನ ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಉಳಿದಿದ್ದದ್ದು ಆ ಗುತ್ತಿನ ಊರೇ. ಅಲ್ಲಿಗೆ ಹೋಗುವುದನ್ನು ಸಾಹುಕಾರರು ಮುಂದೂಡುತ್ತಲೇ ಬಂದಿದ್ದರು. ಆದರೆ ಲೈಸೆನ್ಸಿನ ಕಾಲ ಹತ್ತಿರ ಬಂತು. ಆ ಮನೆ ಪೆಟ್ಟಿಗೆ ತೆಗೆದುಕೊಂಡರೆ ಸುತ್ತಲಿನವರೆಲ್ಲ ತೆಗೆದುಕೊಳ್ಳುತ್ತಾರೆ, ಅದು ಬೇಡ ಎಂದರೆ ಯಾರಿಗೂ ಬೇಡ. ಕೆಡ್ಡಸಕ್ಕೆ ಮೊದಲು ಹೋಗಬೇಕು ಎಂದು ಹವಾಲ್ದಾರರು ಹಟ ಹಿಡಿದರು. ಕೆಡ್ಡಸ ನಿಮಗೆ ಗೊತ್ತುಂಟಲ್ಲ, ಭೂಮಿತಾಯಿ ಮುಟ್ಟಾಗುವ ದಿನಗಳು. ನೆಲ ಅಗೆಯುವಂತಿಲ್ಲ, ಹೆಂಗಸರು ಅಂಗಳದಲ್ಲಿ ಭೂಮಿಗೆ ಎಣ್ಣೆ ಬಿಡುತ್ತಾರೆ, ಗಂಡಸರು ಗುಂಪಾಗಿ ಬೇಟೆಗೆ ಹೋಗುತ್ತಾರೆ. ಊರಿನ ಕೋವಿಗಳೆಲ್ಲ ಅಟ್ಟದಿಂದ ಇಳಿಯುವುದು ಆಗಲೇ. ಕೈಯಿಂದ ಕೈಗೆ ದಾಟುವುದೂ ಆಗಲೇ.

ಈಗ ಶಕ್ತಿನಗರ ಎನ್ನುವ ಕಡೆ ಆಗ ಆ ಹೆಸರೇ ಇರಲಿಲ್ಲ. ಬರೀ ಗುಡ್ಡ, ಗೇರು ಮರ, ಮುಳ್ಳು. ಆ ಗುಡ್ಡ ದಾಟಿ ಇಳಿದರೆ ಗುತ್ತಿನ ಮನೆ. ಅಂಗಳದಲ್ಲಿ ಬೇಟೆಗೆ ಹೋಗುವವರೆಲ್ಲ ಸೇರಿದ್ದರು. ಯಜಮಾನರು ಚಾವಡಿಯ ಮಣೆಯ ಮೇಲೆ ಕುಳಿತಿದ್ದರು. ನಾನು ಅವರನ್ನು ಎರಡನೆಯ ಸಲ ನೋಡುತ್ತಿದ್ದದ್ದು. ಕೂದಲು ಪೂರಾ ಬೆಳ್ಳಗಾಗಿತ್ತು. ಅವರು ನನ್ನನ್ನು ಕಂಡು, ಕೂಡಲೇ ಅಂಗಳದ ತುಳಸಿಯ ಕಡೆಗೆ ಕಣ್ಣು ತಿರುಗಿಸಿದರು. ಬಾಗಿಲ ಮರೆಯಲ್ಲಿ ಅವರ ಅಕ್ಕ ನಿಂತಿದ್ದರು, ವಯಸ್ಸಾದವರು, ಸೊಂಟದಲ್ಲಿ ಬೀಗದ ಕೈಯ ಗೊಂಚಲು. ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ಭತ್ತದ ಕಣಜದಿಂದ ಹಿಡಿದು ಎಲ್ಲ ಬೀಗವೂ ಮನೆಯ ಹಿರಿಯ ಹೆಂಗಸಿನದು.

ಹವಾಲ್ದಾರರಿಗೆ ಏನೂ ಗೊತ್ತಿಲ್ಲ. ಕಟ್ಟಳೆ ಹೇಳಿದರು. ಸ್ವರ ಇಳಿಸಿ ನನ್ನ ಕಡೆ ಕೈ ತೋರಿಸಿದರು. "ಈ ತಂಗಿಯ ಗಂಡ..." ಎಂದು ಮೊದಲು ಮಾಡಿ ಕೊನೆಯವರೆಗೆ ಹೇಳಿದರು. ಯಜಮಾನರು ತುಳಸಿಯನ್ನೇ ನೋಡುತ್ತಿದ್ದರು. ನಾನು ಪೆಟ್ಟಿಗೆಯ ಕೆಂಪು ನೂಲನ್ನು.

ಶೇಂದಿ ತೆಗೆಯುವ ಒಬ್ಬ, ಕತ್ತಿ ಇನ್ನೂ ಸೊಂಟದಲ್ಲೇ ಇತ್ತು, ಹಿಂದಿನಿಂದ ಕೂಗಿದ: "ಅವನು ಕುಡಿದದ್ದು ಯಾರ ಮರದ್ದು ಕೇಳಿ ಹವಾಲ್ದಾರ್ರೇ, ನನ್ನದಾದ್ರೆ ಅಷ್ಟು ಅಮಲಾಗ್ಲಿಕ್ಕಿಲ್ಲ!" ಎಲ್ಲರೂ ನಕ್ಕರು. ಇನ್ನೊಬ್ಬ, "ನಮ್ಮ ಧಣಿಗಳ ಕೋವಿಗೆ ಪೆಟ್ಟಿಗೆ ಎಂತಕ್ಕೆ? ಅವರ ಮಾತೇ ಬೀಗ" ಎಂದ. ಹೌದು ಹೌದು ಎಂದು ಗುಂಪು ತಲೆಯಾಡಿಸಿತು.

ಮಾತು ಅಲ್ಲಿಗೆ ಮುಗಿಯುತ್ತಿತ್ತು. ಯಜಮಾನರೇ, ಬಹುಶಃ ನಾವು ಬೇಗ ಹೋಗಲಿ ಎಂದು, ಅಕ್ಕನ ಮಗನಾದ ಅಳಿಯನಿಗೆ, "ಕೋವಿ ತಾ. ಪೆಟ್ಟಿಗೆಯಲ್ಲಿ ಇಟ್ಟು ತೋರಿಸ್ಲಿ. ಒಂದು ತೆಕ್ಕೊಳ್ಳುವ" ಎಂದರು. ಅಳಿಯ ಒಳಗಿನಿಂದ, ಒಲೆಯ ಮೇಲಿನಿಂದ, ಮಸಿ ಹಿಡಿದ ಕೋವಿಯನ್ನು ತಂದ. ಹವಾಲ್ದಾರರು ಎರಡೂ ಕೈಯಲ್ಲಿ ತೆಗೆದುಕೊಂಡು, "ಈಡು ಇಲ್ಲ ಅಲ್ವಾ ಧಣಿಗಳೇ?" ಎಂದರು, ಕೇಳಬೇಕಲ್ಲ ಎಂದು ಕೇಳಿದ ಹಾಗೆ.

"ಇಲ್ಲ."

"ನಿಮ್ಮ ಮಾತು ಸಾಕು" ಎಂದು ಹವಾಲ್ದಾರರು ಕೋವಿಯನ್ನು ನನಗೆ ದಾಟಿಸಿದರು.

ನಳಿಗೆಗೆ ಹಿತ್ತಾಳೆಯ ಪಟ್ಟಿ ಇತ್ತು. ಅದಕ್ಕೂ ಹಿಂದೊಮ್ಮೆ ರಿಪೇರಿಗೆ ಬಂದಾಗ ನಿಮ್ಮ ಅಜ್ಜ ಹಾಕಿದ ಪಟ್ಟಿ. ಅದೇ ಕೋವಿ. ವಿಚಾರಣೆ ಮುಗಿದ ಮೇಲೆ ಅದು ತನ್ನ ಮನೆಗೆ ಹಿಂದೆ ಬಂದಿತ್ತು.

ಪೆಟ್ಟಿಗೆ ತೆರೆದಿತ್ತು. ನಾನು ಕೋವಿಯನ್ನು ಬಟ್ಟೆಯ ಮೇಲೆ ಮಲಗಿಸಿ ಮುಚ್ಚಳ ಹಾಕಿದರೆ ಕೆಲಸ ಮುಗಿಯಿತು. ಪೆಟ್ಟಿಗೆ ಮಾರಾಟವಾಗುತ್ತದೆ, ಆ ಊರೆಲ್ಲ ಕೊಳ್ಳುತ್ತದೆ, ಸಾಹುಕಾರರು ಮೆಚ್ಚುತ್ತಾರೆ. ಆಮೇಲೆ ಒಣಮೀನು. ನಾನು ನೆಲದಲ್ಲಿ ಕುಳಿತಿದ್ದೆ. ಕೋವಿಯ ಬಾಯಿ ಮೇಲೆ ಮಾಡಿ, ಬುಡವನ್ನು ನೆಲಕ್ಕೆ ಊರಿ, ಗಜ ಎಳೆದೆ. ಗಜ ಇಳಿಸಬೇಕು ಎಂದು ಯೋಚಿಸಿ ಮಾಡಿದ್ದಲ್ಲ. ಆ ದಿನ ಹಿಂದೆ ಬಂದ ಕೈ ನನ್ನ ಕಣ್ಣಿಗೆ ಕಟ್ಟಿತ್ತು, ಅಷ್ಟೇ. ಗಜ ನಳಿಗೆಯಲ್ಲಿ ಜಾರಿತು. ಖಾಲಿ ನಳಿಗೆಯ ತಳಕ್ಕೆ ಗಜ ತಾಗಿದರೆ ಟಣ್ ಎನ್ನುತ್ತದೆ. ಅದು ಟಣ್ ಎನ್ನಲಿಲ್ಲ. ಮೆತ್ತಗೆ ನಿಂತಿತು. ಗೀರು ಬಾಯಿಯಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು.

"ಈಡು ಉಂಟು" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ಹವಾಲ್ದಾರರು ಬಗ್ಗಿ ನೋಡಿದರು. ಆ ಗೀರು ಎಂತ ಎಂದು ಕೇಳಿದರು. ನಾನು ಹೇಳಿದೆ. ಗಂಡಸರ ಎದುರು ಅಷ್ಟು ಮಾತನ್ನು ನಾನು ಅದರ ಮೊದಲು ಆಡಿರಲಿಲ್ಲ. ಗೀರು ಯಾರು ಹಾಕಿದ್ದು, ಅದು ಎಲ್ಲಿ ನಿಂತರೆ ಏನರ್ಥ. ಆಮೇಲೆ ಬಾಯಿಗೆ ಬಂದದ್ದನ್ನು ನುಂಗಲಾಗಲಿಲ್ಲ: "ನನ್ನವರು ಕುಡಿದಿರ್ಲಿಲ್ಲ. ಒಬ್ಬರು ದೊಡ್ಡವರು ಈಡಿಲ್ಲ ಅಂತ ಹೇಳಿದ್ರು. ಮರ್ಯಾದೆಗೆ ಇವರು ಗಜ ಇಳಿಸ್ಲಿಲ್ಲ."

ಯಾರು ಎಂದು ನಾನು ಹೇಳಲಿಲ್ಲ. ಅಂಗಳದಲ್ಲಿ ಯಾರೂ ಕೇಳಲಿಲ್ಲ. ಶೇಂದಿಯವನು ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಲ್ಲರೂ ನೆಲ ನೋಡುತ್ತಿದ್ದರು. ನೆಲ ನೋಡುತ್ತಿದ್ದುದರಿಂದಲೇ ಅವರಿಗೆ ಗೊತ್ತಾಗಿದೆ ಎಂದು ನನಗೆ ತಿಳಿಯಿತು.

ಯಜಮಾನರ ಮುಖ ಬೂದಿಯ ಹಾಗಾಗಿತ್ತು. ಅಳಿಯ, "ಕೊಯ್ಲಿನ ಮೊದಲು ಹಂದಿಗೆ ಅಂತ ನಾನು ತುಂಬಿಸಿದ್ದು ಮಾವ, ಹೇಳ್ಲಿಕ್ಕೆ ಮರೆತೆ" ಎಂದು ತೊದಲಿದ. ಯಜಮಾನರು ಅವನಿಗೆ ಬೈಯಲಿಲ್ಲ. "ನನ್ನ ಮಾತು" ಎಂದರು. ಅಷ್ಟೇ. ಮತ್ತೆ, ಯಾರಿಗೆ ಎಂದಿಲ್ಲದೆ, "ಅವತ್ತೂ ನನ್ನ ಮಾತು" ಎಂದು ಎದ್ದು ಒಳಗೆ ಹೋದರು. ಬಾಗಿಲಲ್ಲಿ ಅವರ ಭುಜ ಚೌಕಟ್ಟಿಗೆ ತಾಗಿತು. ತಮ್ಮ ಮನೆಯ ಬಾಗಿಲನ್ನು ಅವರು ಮೊದಲ ಸಲ ದಾಟುತ್ತಿದ್ದ ಹಾಗೆ ಕಂಡಿತು.

ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬಹುದಿತ್ತು ಅನಿಸಿತು. ಅವರ ಅನ್ನ ಉಂಡವಳು, ಅವರದೇ ಅಂಗಳದಲ್ಲಿ, ಅವರ ಒಕ್ಕಲುಗಳ ಎದುರು, ಒಬ್ಬ ಮುದುಕರ ಮಾತನ್ನು ಒಂದು ಸಲಾಕೆಯಿಂದ ಅಳೆದು ತೋರಿಸಿದೆ. ಬೇರೆ ದಾರಿ ಇತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಳಗೆ ಹೋಗಿ ಅವರ ಅಕ್ಕನಿಗೆ ಮೆಲ್ಲನೆ ಹೇಳಬಹುದಿತ್ತು. ಹೊಳೆಯಲಿಲ್ಲ.

ಆ ಅಕ್ಕನೇ ಅಂಗಳಕ್ಕೆ ಇಳಿದರು. ನನ್ನ ಹತ್ತಿರ ಬಂದು, "ತೆಗೆ ಮಗಾ. ಎಲ್ಲರೂ ನೋಡ್ಲಿ" ಎಂದರು. ಹವಾಲ್ದಾರರ ಚೀಲದಲ್ಲಿ ತಿರುಪು ಇತ್ತು. ಗಜದ ತುದಿಗೆ ಹಾಕಿ, ಮೆಲ್ಲನೆ ಒತ್ತಿ ತಿರುಗಿಸಿ, ಎಳೆದೆವು. ನಾರಿನ ಉಂಡೆ ಬಂತು. ಅಕ್ಕ ಹಿಡಿದ, ಅಕ್ಕಿ ಕೇರುವ ತಡಪೆಯೊಳಗೆ ಚರೆ ಸುರಿಯಿತು, ಭತ್ತದ ಕಾಳು ಸುರಿದಂತೆ. ಮತ್ತೆ ನಾರು, ಕೊನೆಗೆ ಕಪ್ಪು ಮದ್ದು. ಒಲೆಯ ಬಿಸಿಗೆ ಅದು ಪುಡಿಪುಡಿಯಾಗಿ, ಚೆನ್ನಾಗಿ ಒಣಗಿತ್ತು. ಅಕ್ಕ ತಡಪೆಯನ್ನು ಗಂಡಸರ ಮುಂದೆ ಹಿಡಿದು ಒಂದು ಸುತ್ತು ನಡೆದರು.

"ಇದರ ಅಡಿಯಲ್ಲಿ ನಾನು ದಿನಾ ಒಲೆ ಊದುದು. ನಿಮ್ಮ ಮನೆಯಲ್ಲಿ ಯಾರು ಊದುದು?"

ಅವರು ಪೆಟ್ಟಿಗೆಯ ಬೀಗದ ಕೈಯನ್ನು ನನ್ನಿಂದ ತೆಗೆದುಕೊಂಡು ತಮ್ಮ ಗೊಂಚಲಿಗೆ ಸೇರಿಸಿದರು. ಕಣಜದ ಕೈಯ ಪಕ್ಕದಲ್ಲಿ. "ಕೋವಿ ಬೇಕಾದವ ನನ್ನತ್ರ ಕೇಳ್ಲಿ. ಅಕ್ಕಿ ಕೇಳ್ಲಿಕ್ಕೆ ನಾಚಿಕೆ ಇಲ್ಲ, ಇದಕ್ಕೆಂತ ನಾಚಿಕೆ?" ಎಂದರು.

ಊರಿಗೆ ಊರು ಒಪ್ಪಿದ್ದು ಆ ಮಾತಿನಿಂದ. ಕಟ್ಟಳೆಯಿಂದ ಅಲ್ಲ, ನಮ್ಮ ಪೆಟ್ಟಿಗೆಯಿಂದಲೂ ಅಲ್ಲ. ಬೀಗದ ಕೈ ಹೆಂಗಸರ ಗೊಂಚಲಿಗೆ ಹೋದ ಮೇಲೆ ಅದು ಕಳ್ಳನಿಗೆ ಹಾಕಿದ ಬೀಗ ಆಗಿ ಉಳಿಯಲಿಲ್ಲ, ಕಣಜದ ಹಾಗೆ ಮನೆಯ ಕ್ರಮ ಆಯಿತು. ಆ ವರ್ಷದ ಬೇಟೆಗೆ ಹೊರಡುವಾಗ ಪ್ರತಿಯೊಬ್ಬನೂ ಅಂಗಳದಲ್ಲಿ ಗಜ ಇಳಿಸಿ ತೋರಿಸಿ ಹೊರಟನಂತೆ. ಗೀರಿಲ್ಲದ ಗಜಗಳನ್ನು ಗೀರು ಹಾಕಿಸಲು ಅಂಗಡಿಗೆ ತಂದರು. ಆಚೆ ಊರಿನವರಿಗೂ ಸುದ್ದಿ ಹೋಯಿತು. ಹವಾಲ್ದಾರರು ಅಲ್ಲಿಂದ ಮುಂದೆ ಹಳೆಯ ಕಥೆಯನ್ನು ಹೇಳಲಿಲ್ಲ. ಆ ದಿನ ಗಾಡಿಯಲ್ಲಿ ಹಿಂದೆ ಬರುವಾಗ ಗುಡ್ಡ ಹತ್ತುವವರೆಗೂ ಅವರು ಕೆಳಗಿಳಿದು ಎತ್ತಿನ ಪಕ್ಕ ನಡೆದರು. ಆಮೇಲೆ, "ನನಗೆ ಗೊತ್ತಿರ್ಲಿಲ್ಲ ತಂಗಿ. ಇಷ್ಟು ಅಂಗಳದಲ್ಲಿ ಹೇಳಿದೆನಲ್ಲ" ಎಂದು ಮೀಸೆಯನ್ನು ಒರೆಸಿಕೊಂಡರು.

ಸಾಹುಕಾರರು ಕೆಲವು ದಿನ ಮುಖ ಕೊಡಲಿಲ್ಲ. ಪೆಟ್ಟಿಗೆಗೆ ಬೇಡಿಕೆ ಬಂದ ಮೇಲೆ ಕೊಟ್ಟರು. ನಾನು ಮತ್ತೆ ಪರದೆಯ ಹಿಂದಕ್ಕೇ ಹೋದೆ.

ಆ ಗುತ್ತಿನ ಯಜಮಾನರು ಮಾತ್ರ ಆ ಬೇಟೆಗೆ ಹೋಗಲಿಲ್ಲ ಎಂದು ಕೇಳಿದೆ. ಮುಂದೆ ಪಂಚಾತಿಕೆಗಳಲ್ಲಿಯೂ ಅವರು "ನಾನು ಹೇಳ್ತೇನಲ್ಲ" ಎನ್ನುವುದನ್ನು ಬಿಟ್ಟರಂತೆ. ನಾನು ಮಾಡಿದ್ದು ಅದು. ಜನ ನನ್ನನ್ನು ಹೊಗಳಿದಾಗೆಲ್ಲ ನನಗೆ ಆ ಬಾಗಿಲ ಚೌಕಟ್ಟಿಗೆ ತಾಗಿದ ಭುಜ ನೆನಪಾಗುತ್ತಿತ್ತು.

ಮುಂದಿನ ಕೊಯ್ಲಾಯಿತು. ಈ ಸಲ ಮುಡಿ ಬರಲಿಕ್ಕಿಲ್ಲ ಎಂದು ನನ್ನ ತಾಯಿ ಮೊದಲೇ ಕುಚ್ಚಲಕ್ಕಿ ತಂದಿಟ್ಟಿದ್ದಳು. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಗಾಡಿ ನಿಂತಿತು. ಪರದೆಯ ಸೀಳಿನಿಂದ ನೋಡಿದೆ. ಯಜಮಾನರು. ಆಳಿನ ತಲೆಯ ಮೇಲೆ ಮುಡಿ. ಅದನ್ನು ಹಿಂಬದಿಯಲ್ಲಿ ಅಲ್ಲ, ಬೀದಿಗೆ ಕಾಣುವ ಹಾಗೆ ಅಂಗಡಿಯ ಮೆಟ್ಟಿಲ ಮೇಲೆ ಇಳಿಸಿದರು. ಗಿರಾಕಿಗಳು ಎದ್ದು ದಾರಿ ಬಿಟ್ಟರು. ಸಾಹುಕಾರರು ಕೈಮುಗಿದು ಓಡಿ ಬಂದರು.

"ಕುದುರೆ ಸ್ವಲ್ಪ ಸಡಿಲ ಆಗಿದೆ, ನೋಡ್ಬೇಕು" ಎಂದರು ಯಜಮಾನರು. ಆದರೆ ಕೋವಿಯನ್ನು ಕೂಡಲೇ ಮೇಜಿನ ಮೇಲೆ ಇಡಲಿಲ್ಲ. ಗವಸು ತೆಗೆದರು. ಎಲ್ಲರ ಎದುರಿಗೆ ತಾವೇ ಬಾಯಿ ಮೇಲೆ ಮಾಡಿ ನಿಲ್ಲಿಸಿ, ಗಜ ಎಳೆದು, ಇಳಿಸಿದರು. ಟಣ್ ಎಂದಿತು.

ಸಾಹುಕಾರರು, "ಅಯ್ಯೋ ಧಣಿಗಳೇ, ನಿಮ್ಮ ಮಾತು ಸಾಕು, ಅದೆಲ್ಲ ಎಂತಕ್ಕೆ" ಎಂದರು.

ಯಜಮಾನರು ಪರದೆಯ ಕಡೆ ತಿರುಗಿ, "ಅಮ್ಮ, ಗೀರು ನೋಡಿ" ಎಂದರು.

ನನಗಿಂತ ಎಷ್ಟು ದೊಡ್ಡವರು, ನನ್ನನ್ನು ಅಮ್ಮ ಎಂದರು. ನಾನು ಹೊರಗೆ ಬಂದೆ. ಅವರ ಮುಖ ನೋಡಲಾಗಲಿಲ್ಲ, ಗೀರನ್ನೇ ನೋಡಿದೆ. ನಿಮ್ಮ ಅಜ್ಜನ ಅರದ ಗೀರು ನಳಿಗೆಯ ಬಾಯಿಗೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಮ ನಿಂತಿತ್ತು.

"ಖಾಲಿ ಉಂಟು" ಎಂದೆ.

ಅವರು ತಲೆಯಾಡಿಸಿ ಕೋವಿಯನ್ನು ಮೇಜಿನ ಮೇಲೆ ಇಟ್ಟರು. ಆ ಮುಡಿಯನ್ನು ಸಂಜೆ ನಾನೇ ಕೂಲಿಯವನಿಂದ ಹೊರಿಸಿ, ಹಂಪನಕಟ್ಟೆಯಿಂದ ಜೆಪ್ಪುವಿನವರೆಗೆ, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ನಡೆದು ಮನೆಗೆ ತಂದೆ.

ಇನ್ನು ಯಾರಾದರೂ ಊಟದ ಎಲೆಯ ಮುಂದೆ ಆ ಮಾತು ಕೇಳಿದರೆ ಜಗಳ ಮಾಡಬೇಡಿ. ನಮ್ಮ ಅಜ್ಜ ಕುಡಿಯುತ್ತಿರಲಿಲ್ಲ, ಒಬ್ಬರ ಮಾತನ್ನು ನಂಬಿದರು ಎಂದು ಹೇಳಿ. ಯಾರ ಮಾತು ಎಂದು ಕೇಳಿಯಾರು. ಅಜ್ಜಿ ಅದನ್ನು ಬರೆದಿಲ್ಲ ಎನ್ನಿ. ಆ ಯಜಮಾನರು ಒಮ್ಮೆ ಅದನ್ನು ತಮ್ಮ ಅಂಗಳದಲ್ಲಿ ತಾವೇ ಹೇಳಿದ್ದಾರೆ. ಎರಡನೆಯ ಸಲ ಅವರಿಂದ ಹೇಳಿಸುವುದು ಬೇಡ.